ಗೋಡೆಗೆಲ್ಲಿಯ ಒಳಮೈ

ಅಂಗಡಿಯ ಮೇಲಿನ ಕೋಣೆ, ಕಿಟಕಿಯ ಪಕ್ಕ
ಸೋಮವಾರ, ಮಾರ್ಚ್ ೪

ನನ್ನ ಬಂಗಾರದ ಮಗನಿಗೆ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಆ ಕ್ರೇನಿನ ಗೂಡಿನಲ್ಲಿ ಕೂತು ದಿನವಿಡೀ ಕೆಳಗೆ ಬಗ್ಗಿ ನೋಡಿದರೆ ಬೆನ್ನು ಏನಾಗಬೇಕು ಹೇಳು. ನಾನು ಹೊಲಿದು ಕಳಿಸಿದ ದಿಂಬನ್ನು ಸೊಂಟದ ಹಿಂದೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೀಯೋ? ನಗುವವರು ನಗಲಿ, ನೋಯುವುದು ಅವರ ಬೆನ್ನಲ್ಲ. ಗಾಳಿ ಜೋರಿರುವ ದಿನ ಮೇಲೆ ಹತ್ತಬೇಡ ಎಂದು ಹೇಳಿದರೆ ನೀನು ಕೇಳುವವನಲ್ಲ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಹೇಳಿಬಿಟ್ಟಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಮಂಡಿ ತನ್ನ ಪಾಡಿಗೆ ಕಟಕಟ ಅನ್ನುತ್ತದೆ, ನಾನು ನನ್ನ ಪಾಡಿಗೆ ಮೆಟ್ಟಿಲು ಹತ್ತುತ್ತೇನೆ. ಹೊಸ ಕನ್ನಡಕ ಬಂದಿದೆ, ಸೂಜಿಗೆ ದಾರ ಪೋಣಿಸಲು ಈಗ ಯಾರ ಹಂಗೂ ಬೇಕಿಲ್ಲ. ನಿನ್ನ ಹೆಂಡತಿಯೂ ಚೆನ್ನಾಗಿದ್ದಾಳೆ. ಇಲ್ಲ, ಅದು ಪೂರ್ತಿ ನಿಜವಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ನನ್ನ ಸ್ವಭಾವ ನಿನಗೆ ಗೊತ್ತಿದೆಯಲ್ಲ, ಒಂದು ಗುಂಡಿ ಹಾಕಿಕೊಡಿ ಎಂದು ಬಂದವರಿಗೆ ಇಡೀ ಕೋಟಿನ ಕಥೆ ಹೇಳಿ ಕಳಿಸುವವಳು ನಾನು. ಸ್ವಲ್ಪ ತಾಳ್ಮೆಯಿಂದ ಓದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನು ಅವಳದು, ಅವಳು ಪಕ್ಕದಲ್ಲೇ ಇರುತ್ತಾಳೆ. ಮೇಲಾಗಿ ನಾನು ಬಾಯಿ ತೆರೆದ ಕೂಡಲೇ ನೀನು “ಆಮೇಲೆ ಹೇಳಮ್ಮಾ, ಡ್ಯೂಟಿ ಇದೆ” ಎನ್ನುತ್ತೀ. ಕಾಗದಕ್ಕೆ ಒಂದು ಸುಖವಿದೆ, ಅದರ ಮಾತನ್ನು ಯಾರೂ ಅರ್ಧಕ್ಕೆ ತುಂಡು ಮಾಡುವುದಿಲ್ಲ. ನೀನು ಬರೆದದ್ದು ಹೋದ ವಾರ ಕೈಸೇರಿತು. ಬಂದರಿನವರು ಕೊನೆಗೂ ನಿನಗೆ ಕ್ವಾರ್ಟರ್ಸ್ ಕೊಟ್ಟರಲ್ಲ, ಓದಿ ಹೊಟ್ಟೆ ತಣ್ಣಗಾಯಿತು. ಎರಡು ಕೋಣೆ, ಅಡುಗೆಮನೆಯ ಕಿಟಕಿಯಿಂದ ಹಡಗು ಕಾಣುತ್ತದೆ, ಬೇಸಿಗೆಗೆ ಮುಂಚೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಬಂದುಬಿಡಿ, ಅವಳು ಏನನ್ನುತ್ತಾಳೆ ಕೇಳು ಎಂದು ಬರೆದಿದ್ದೆ. ನನಗೆ ಕನ್ನಡಕ ಇನ್ನೂ ಬಂದಿರಲಿಲ್ಲ, ಅವಳೇ ಗಟ್ಟಿಯಾಗಿ ಓದಿ ಹೇಳಿದಳು. ಹಡಗಿನ ತನಕ ದನಿ ಹಕ್ಕಿಯಂತೆ ಇತ್ತು. ಬೀಗದ ಮಾತು ಬಂದಾಗ ಓದುತ್ತಲೇ ಎದ್ದುಹೋಗಿ ಇಸ್ತ್ರಿಪೆಟ್ಟಿಗೆ ಆರಿಸಿ ಬಂದಳು, ಅದು ಮೊದಲೇ ಆರಿತ್ತು. ನಿನ್ನೆ ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ “ಮುಂದಿನ ಭಾನುವಾರ ಹೇಳ್ತೀನಿ” ಎಂದಳಲ್ಲ, ನೀನು ಏನೆಂದುಕೊಂಡೆಯೋ. ಅಮ್ಮ ತಲೆ ಕೆಡಿಸಿದ್ದಾಳೆ ಎಂದುಕೊಂಡಿರಬಹುದು. ಈ ಸಲ ಪಾಪ, ಅಮ್ಮನದೇನೂ ತಪ್ಪಿಲ್ಲ.

ನಮ್ಮ ಬೀದಿಯ ಕೊನೆಗಿದ್ದ ಐಸ್ ಕಾರ್ಖಾನೆ ನಿನಗೆ ಗೊತ್ತಲ್ಲ, ಮುಚ್ಚಿಹೋದದ್ದು. ನೀನು ಹೋದ ಮೇಲೆ ಅದನ್ನು ಊರಿನ ಚಿತ್ರಗಾರರೆಲ್ಲ ಸೇರಿ ಬಾಡಿಗೆಗೆ ಹಿಡಿದರು. ಮಂಜುಗಡ್ಡೆ ಇಡುತ್ತಿದ್ದ ಕೋಣೆಗಳಲ್ಲಿ ಈಗ ಒಬ್ಬ ಮಣ್ಣು ಕಲಸುತ್ತಾನೆ, ಒಬ್ಬಳು ಹಳೆಯ ಬಾಗಿಲುಗಳನ್ನು ಒಡೆದು ಕುದುರೆ ಮಾಡುತ್ತಾಳೆ, ಒಂದು ಗಂಡಹೆಂಡತಿ ಜೋಡಿ ಕಿಟಕಿಯ ಬೆಳಕು ಯಾರಿಗೆ ಎಂದು ದಿನಾ ಜಗಳವಾಡುತ್ತ ಇಬ್ಬರೂ ಕತ್ತಲೆ ಮೂಲೆಯ ಚಿತ್ರಗಳನ್ನೇ ಬರೆಯುತ್ತಾರೆ. ವರ್ಷಕ್ಕೊಮ್ಮೆ ಒಂದು ವಾರ ಎಲ್ಲರೂ ಬಾಗಿಲು ತೆರೆದಿಡುತ್ತಾರೆ, ಊರಿನವರು ಒಳಗೆ ಹೊಕ್ಕು ನೋಡಬಹುದು, ಬಣ್ಣ ಮುಟ್ಟಬಹುದು, ಬೇಕಿದ್ದರೆ ಬೈಯಲೂಬಹುದು. ಹೋದ ವರ್ಷ ನಾನೂ ಹೋಗಿದ್ದೆ. ಒಂದು ಚಿತ್ರದ ತುಂಬ ಬರೀ ನೀಲಿ. ಬರೆದವನನ್ನೇ ಕರೆದು, ಉಳಿದದ್ದು ಯಾವಾಗ ಬರೆಯುತ್ತೀಯಪ್ಪಾ ಎಂದು ಕೇಳಿದೆ. ಅವನು ನಗುತ್ತ ಕುರ್ಚಿ ಕೊಟ್ಟ. ಕೂತು ನೋಡಿದೆ, ನಿಜ ಹೇಳಬೇಕೆಂದರೆ ಆಮೇಲೆ ಏಳಲು ಮನಸ್ಸಾಗಲಿಲ್ಲ. ಈ ವರ್ಷ ಅವರೆಲ್ಲ ಕಾರ್ಖಾನೆಯ ಉದ್ದನೆಯ ಹೊರಗೋಡೆಯ ಮೇಲೆ ಬೀದಿಯವರ ಮುಖ ಬರೆಯೋಣ ಎಂದು ಹೊರಟರು. ಯಾರ್ಯಾರದೋ ಅಲ್ಲ, ಈ ಬೀದಿಯವರಾಗಿದ್ದು ಈಗ ದೂರ ಇರುವವರದು. ಬೇಕಾದ ಮನೆಯವರು ಒಂದು ಫೋಟೋ ಕೊಡಬಹುದು. ಬ್ರೆಡ್ ಅಂಗಡಿಯವನು ಮಗಳದು ಕೊಟ್ಟ. ನಾನು ನಿನ್ನದು ಕೊಟ್ಟೆ, ಬಿಳಿ ಅಂಗಿಯಲ್ಲಿ ನಗದೆ ನಿಂತಿದ್ದೀಯಲ್ಲ, ಅದು. ನಗುವ ಫೋಟೋ ಕೊಡಲು ಅವಳು ಒಪ್ಪಲಿಲ್ಲ. ಅದು ಅವಳ ದಿಂಬಿನ ಕೆಳಗಿನದು.

ಈ ಕೆಲಸದ ಯಜಮಾನಿತಿ ಒಬ್ಬ ಹೆಂಗಸು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಯಾವಾಗಲೂ ಏಣಿಯ ಮೇಲೇ ಇರುವುದರಿಂದ ಬೀದಿಯವರೆಲ್ಲ ಅವಳನ್ನು ಏಣಿ ಮೇಡಂ ಎನ್ನುತ್ತಾರೆ. ಗೋಡೆ ಮುಚ್ಚುವ ಪರದೆ ಹೊಲಿಸಲು ನಮ್ಮ ಅಂಗಡಿಗೆ ಬಂದಳು. ಆಗ ನಿನ್ನ ಹೆಂಡತಿ ಒಂದು ಫ್ರಾಕಿಗೆ ಕಸೂತಿ ಇಳಿಸುತ್ತಿದ್ದಳು. ಅದು ಹೇಗೆಂದು ನೀನು ಚಿಕ್ಕಂದಿನಿಂದ ನೋಡಿದ್ದೀ, ಕಾಗದದ ಮೇಲೆ ಹೂವು ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಬಟ್ಟೆಯ ಮೇಲೆ ಹರಡಿ, ಸುಣ್ಣದ ಪುಡಿಯ ಗಂಟಿನಿಂದ ತಟ್ಟಿದರೆ ತೂತಿನಿಂದ ಇಳಿದ ಪುಡಿ ಚುಕ್ಕೆಚುಕ್ಕೆಯಾಗಿ ಹೂವಾಗುತ್ತದೆ. ಏಣಿ ಮೇಡಂ ಪರದೆಯ ಅಳತೆ ಕೊಡುವುದನ್ನೇ ಮರೆತು ನೋಡುತ್ತ ನಿಂತಳು. ಗೋಡೆಗೆ ಮುಖ ಇಳಿಸುವುದೂ ಹೀಗೆಯೇ ಅಂತೆ, ಸುಣ್ಣದ ಬದಲು ಇದ್ದಿಲಪುಡಿ, ಅಷ್ಟೇ. ಚುಚ್ಚುವ ಕೈಗಳು ಅವರಲ್ಲಿ ಕಡಿಮೆ ಇದ್ದವು. “ನಿಮ್ಮ ಸೊಸೇನ ನಮಗೆ ಸ್ವಲ್ಪ ದಿನ ಸಾಲ ಕೊಡ್ತೀರಾಮ್ಮಾ?” ಎಂದು ಕೇಳಿದಳು. ನಾನು ಕೊಡಲಾರೆ ಎಂದೆ. ಕೈತುಂಬ ಕೆಲಸವಿದೆ, ಮದುವೆಯ ಕೋಟುಗಳಿವೆ, ಇವಳನ್ನು ಅಟ್ಟಣಿಗೆ ಹತ್ತಿಸಿ ಕಾಲು ಮುರಿಸಿದರೆ ಮಗನಿಗೆ ಏನು ಉತ್ತರ ಹೇಳಲಿ ಎಂದೆ. ಆ ದಿನವೆಲ್ಲ ನಿನ್ನ ಹೆಂಡತಿ ತುಳಿದ ಹೊಲಿಗೆ ಯಂತ್ರದ ಸದ್ದೂ ಮುನಿಸಿಕೊಂಡ ಹಾಗಿತ್ತು. ಮರುದಿನ ನಾನೇ, ಹೋಗು ಮಾರಾಯ್ತಿ, ಸಂಜೆ ಕಾಲುಕೈ ನೆಟ್ಟಗೆ ಇಟ್ಟುಕೊಂಡು ಬಾ ಎಂದು ಕಳಿಸಿದೆ.

ಹೋದವಳು ಹೋದಳು ಕಣೋ. ಬರುತ್ತಿದ್ದುದು ಬರೀ ಅವಳ ಮೈ. ಊಟಕ್ಕೆ ಕೂತರೆ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಗೋಡೆಯೇ ಬರುತ್ತಿತ್ತು. ಒಂದು ಸಂಜೆ ನನ್ನನ್ನೇ ದಿಟ್ಟಿಸಿ ನೋಡಿ, “ಅತ್ತೆ, ನಿಮ್ಮ ಗದ್ದದ ಕೆಳಗೆ ಹಸಿರು ಇದೆ” ಎಂದಳು. ಎದ್ದುಹೋಗಿ ಸೋಪು ಹಾಕಿ ತೊಳೆದು ಬಂದೆ. ಆಗಲೂ ಇದೆ ಎಂದಳು. ಆಮೇಲೆ ತಿಳಿಯಿತು, ನೆರಳಿನಲ್ಲಿ ಎಲ್ಲರ ಚರ್ಮಕ್ಕೂ ಒಂದಿಷ್ಟು ಹಸಿರು ಇರುತ್ತದಂತೆ, ಅದನ್ನು ಹಾಕದಿದ್ದರೆ ಮುಖ ಗೊಂಬೆಯಂತಾಗುತ್ತದಂತೆ. ಬಂದ ಗಿರಾಕಿಗಳ ಮುಖ ನೋಡುತ್ತ ಅಳತೆಯನ್ನೇ ಮರೆಯುತ್ತಿದ್ದಳು. ಒಬ್ಬ ದಪ್ಪ ಮನುಷ್ಯನ ಕೋಟನ್ನು ಬಿಗಿಯಾಗಿ ಹೊಲಿದು, ಅವನು ಗೊಣಗಿದರೆ, “ಆದ್ರೆ ನಿಮ್ಮ ಹಣೆ ತುಂಬಾ ಚೆನ್ನಾಗಿದೆ” ಎಂದು ಸಮಾಧಾನ ಮಾಡಿದಳು! ನಾನು ಬೈಯಲು ಬಾಯಿ ತೆರೆದೆ, ಆದರೆ ಅವಳ ಮುಖ ನೋಡಿ ಮುಚ್ಚಿಕೊಂಡೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಒಳ್ಳೆಯವಳು, ಕೆಲಸದವಳು, ಎದುರುತ್ತರ ಕೊಡದವಳು. ಇಷ್ಟು ಸಂತೋಷವಾಗಿದ್ದದ್ದನ್ನು ಮಾತ್ರ ನಾನು ನೋಡಿರಲಿಲ್ಲ. ನೀನು ರಜೆಗೆ ಬಂದಾಗ ಇರುತ್ತಾಳೆ, ಅದನ್ನು ಬಿಟ್ಟು ಹೇಳುತ್ತಿದ್ದೇನೆ, ಮುಖ ಊದಿಸಬೇಡ.

ಮೊದಮೊದಲು ಬೇರೆಯವರ ಮುಖಗಳಿಗೆ ಬರೀ ಚುಚ್ಚಿಕೊಟ್ಟಳು. ಆಮೇಲೆ ಏಣಿ ಮೇಡಂ ಕೈಗೆ ಕುಂಚ ಕೊಟ್ಟು ಕಿವಿ, ಕತ್ತು ಬರೆಯಲು ಬಿಟ್ಟಳು. ಕೊನೆಗೆ ನಿನ್ನ ಸರದಿ ಬಂದಾಗ, ಇದು ನಿನ್ನದೇ, ಮೊದಲಿಂದ ಕೊನೆವರೆಗೂ ನೀನೇ ಮಾಡು ಎಂದಳಂತೆ. ದೊಡ್ಡ ಕಾಗದದ ಮೇಲೆ ಚೌಕ ಎಳೆದು ಮೇಡಂ ನಿನ್ನನ್ನು ಬರೆದುಕೊಟ್ಟಿದ್ದಳು, ಮುಖವೇ ನಮ್ಮ ಅಂಗಡಿಯ ಬಾಗಿಲಿನಷ್ಟು ಎತ್ತರ. ಅದನ್ನು ನಮ್ಮ ನಡುಮನೆಯಲ್ಲಿ ಹಾಸಿ ಇವಳು ಚುಚ್ಚಿದಳು, ನಾನು ನಿನ್ನ ಕಿವಿಯನ್ನು ದಾಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಗೋಡೆಗೆ ಹೋಗುವ ಬೆಳಗ್ಗೆ ಮೇಡಂ ಫೋಟೋ ತೆಗೆದುಕೋ ಎಂದರೆ, “ಫೋಟೋ ಯಾಕೆ ಮೇಡಂ, ಅವರ ಮುಖ ನನಗೆ ಗೊತ್ತಿಲ್ವಾ” ಎಂದು ಹೇಳಿ ಕೆಳಗೇ ಬಿಟ್ಟು ಹತ್ತಿದಳು. ಅಲ್ಲೇ ಎಡವಿದ್ದು. ಅಟ್ಟಣಿಗೆಯ ಮೇಲೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿರುತ್ತಾರೆ, ಬೆನ್ನ ಹಿಂದೆ ಪರದೆ. ನಿನ್ನ ಒಂದು ಹುಬ್ಬೇ ಅವಳ ತೋಳಿನಷ್ಟು ಉದ್ದ. ಇಡೀ ಮುಖ ಒಟ್ಟಿಗೆ ಕಾಣುವುದೇ ಇಲ್ಲ. ಚುಕ್ಕೆ ಹೇಳಿದ ಕಡೆಗೆ ಕೈ ಹೋಗುತ್ತದೆ, ಮನಸ್ಸು ಎಲ್ಲೆಲ್ಲಿಗೋ ಹೋಗಿರುತ್ತದೆ. ಅವಳ ಮನಸ್ಸು ಎಲ್ಲಿಗೆ ಹೋಗಿತ್ತೆಂದು ನಾನು ಬರೆಯಬೇಕಿಲ್ಲ.

ಶುಕ್ರವಾರ ಪರದೆ ಇಳಿಸಿದರು. ಮರುದಿನದಿಂದ ಬಾಗಿಲು ತೆರೆಯುವ ವಾರ, ಬೀದಿಯೆಲ್ಲ ಗೋಡೆಯ ಎದುರಿಗೆ ಸೇರಿತ್ತು. ನಾನು ಒಳ್ಳೆಯ ಬಟ್ಟೆ ಹಾಕಿಕೊಂಡು ಮುಂದೆ ಹೋಗಿ ನಿಂತೆ. ತಲೆಯೆತ್ತಿ ನೋಡಿದೆ. ನೀನೇ, ಆದರೆ ನೀನಲ್ಲ. ಕಣ್ಣು ನಿನ್ನದೇ, ಮೂಗು ನಿನ್ನದೇ, ಗದ್ದದ ಗುಳಿಯೂ ಇದೆ. ಆದರೂ ನಿನ್ನ ಅಣ್ಣನೋ ತಮ್ಮನೋ ಬಂದು ನಿಂತ ಹಾಗಿತ್ತು, ನನಗಾದರೋ ನೀನೊಬ್ಬನೇ. ಪಕ್ಕದವರೂ ಹಾಗೇ ತಲೆ ಆ ಕಡೆ ಈ ಕಡೆ ವಾಲಿಸಿ, ಚೆನ್ನಾಗಿದೆ, ಆದರೆ ಏನೋ ಒಂದು ಎನ್ನತೊಡಗಿದರು. ಏನೋ ಒಂದು ಏನೆಂದು ಯಾರಿಗೂ ಹೇಳಲು ಬರುತ್ತಿಲ್ಲ. ನಿನ್ನ ಹೆಂಡತಿ ಕೆಳಗೆ ಇಳಿದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಬಂದು ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು. ನೀನು ನಡೆಯಲು ಕಲಿಯುವಾಗ ಹೊಲಿಗೆ ಯಂತ್ರದ ಕಾಲಿಗೆ ಬಿದ್ದು ಬಲಹುಬ್ಬು ಸೀಳಿಕೊಂಡೆಯಲ್ಲ, ಆ ಗಾಯದ ಗೆರೆ ಗೋಡೆಯ ಮೇಲೆ ಎಡಹುಬ್ಬಿನಲ್ಲಿತ್ತು. ಬೈತಲೆಯೂ ಆ ಕಡೆಗೆ. ನನ್ನ ಮಗನನ್ನು ಅವಳು ಎಡಬಲ ತಿರುಗಿಸಿ ಇಟ್ಟುಬಿಟ್ಟಿದ್ದಳು.

ಹೇಗಾಯಿತೆಂದು ಚಿತ್ರಗಾರರು ತಲೆಕೆಡಿಸಿಕೊಂಡರು. ನನಗೆ ತಕ್ಷಣ ಹೊಳೆಯಿತು. ನಮ್ಮ ಅಂಗಡಿಯಲ್ಲಿ ಗುರುತು ಯಾವಾಗಲೂ ಬಟ್ಟೆಯ ಒಳಮೈಗೆ. ಸುಣ್ಣದ ಪುಡಿ ಹೊರಗೆ ಕಾಣಬಾರದು, ಗಿರಾಕಿ ಉಟ್ಟಾಗ ಗೀರು ಉಳಿಯಬಾರದು. ಅದಕ್ಕೇ ಬಟ್ಟೆ ತಿರುಗಿಸಿ, ಕಾಗದವನ್ನೂ ಬೋರಲು ಹಾಕಿ ತಟ್ಟುತ್ತೇವೆ. ಅವಳು ಬಂದ ಹೊಸದರಲ್ಲಿ ಮರೆತಾಗೆಲ್ಲ ಅಳತೆಪಟ್ಟಿಯಲ್ಲಿ ಬೆರಳ ಗೆಣ್ಣಿಗೆ ಮೆಲ್ಲಗೆ ಕುಟ್ಟಿ, ಒಳಮೈ, ಒಳಮೈ ಎಂದು ಕಲಿಸಿದವಳು ನಾನೇ. ಕಲಿತ ಕೈ ಎಲ್ಲಿ ಹೋದರೂ ಕಲಿತದ್ದನ್ನೇ ಮಾಡುತ್ತದೆ. ಬೇರೆಯವರ ಮುಖಗಳನ್ನು ಗೋಡೆಗೆ ತಟ್ಟಿದವರು ಬೇರೆಯವರು, ನಿನ್ನದೊಂದನ್ನೇ ಅವಳು ತಟ್ಟಿದ್ದು. ಬರೆದ ಮೈಯನ್ನು ಗೋಡೆಯ ಕಡೆಗೆ ಹಾಕಿ, ನಮ್ಮ ಮೇಜಿನ ಮೇಲೆ ಮಾಡುವ ಹಾಗೆಯೇ ಅಚ್ಚುಕಟ್ಟಾಗಿ ತಟ್ಟಿದ್ದಾಳೆ. ಗೋಡೆಗೆಲ್ಲಿಯ ಒಳಮೈ ಕಣೇ ಎಂದು ಹೇಳಿಬಿಟ್ಟೆ. ನಗಿಸಲೆಂದೇ ಹೇಳಿದ್ದು. ಅವಳು ಅಳಲು ಶುರುಮಾಡಿದಳು. ಎಲ್ಲರೆದುರು, ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು. “ಅವರ ಮುಖಾನೇ ತಪ್ಪು ಬರೆದೆ ಅತ್ತೆ, ಅವರ ಮುಖಾನೇ” ಎಂದಳು. ಸುಣ್ಣ ಬಳಿದುಬಿಡಿ ಎಂದು ಏಣಿ ಮೇಡಂಗೆ ಹೇಳಿದಳು.

ಅಷ್ಟರಲ್ಲಿ ನಮ್ಮ ಎದುರುಗಡೆಯ ಕ್ಷೌರಿಕ, ನಿನ್ನ ತಲೆಯನ್ನು ಶಾಲೆಯ ದಿನಗಳಿಂದ ನೋಡಿಕೊಂಡವನು, ಟವೆಲು ಹೆಗಲ ಮೇಲೆ ಹಾಕಿಕೊಂಡೇ ಬಂದ. ಮೇಲೆ ನೋಡಿದ. “ಏನಕ್ಕಾ ಗಲಾಟೆ? ಕೂದಲಿಂದ ಗದ್ದದವರೆಗೂ ಅವನೇ ಅಲ್ವಾ! ಉಗುರಷ್ಟೂ ವ್ಯತ್ಯಾಸ ಇಲ್ಲ” ಎಂದ. ನಿನಗೆ ಕಣ್ಣು ಕಾಣುವುದಿಲ್ಲವೇ, ಹುಬ್ಬು ನೋಡು ಎಂದು ನಾನು. ಹುಬ್ಬೂ ಸರಿ, ಬೈತಲೆಯೂ ಸರಿ, ಆ ಬೈತಲೆ ತೆಗೆದವನೇ ನಾನು ಎಂದು ಅವನು. ಬೀದಿಯ ನಡುವೆ ನಾವಿಬ್ಬರೂ ನಿನ್ನ ಹುಬ್ಬಿಗಾಗಿ ಕಾದಾಡಿದೆವು, ನೋಡಬೇಕಿತ್ತು ನೀನು. ಏಣಿ ಮೇಡಂ ಸುಮ್ಮನೆ ಕೇಳುತ್ತಿದ್ದವಳು ಗಟ್ಟಿಯಾಗಿ ನಗತೊಡಗಿದಳು. ಇವನು ಜನರನ್ನು ನೋಡುವುದೇ ಕನ್ನಡಿಯಲ್ಲಿ ಅಲ್ಲವೇ! ಕುರ್ಚಿಯ ಹಿಂದೆ ನಿಂತು, ಎದುರಿನ ಕನ್ನಡಿಯಲ್ಲಿ ನಿನ್ನ ಮುಖ ನೋಡುತ್ತಲೇ ಇಷ್ಟು ವರ್ಷ ಕತ್ತರಿ ಆಡಿಸಿದ್ದಾನೆ. ಅವನಿಗೆ ಗೋಡೆಯ ಮೇಲಿನವನೇ ಸರಿ. ಮೇಡಂ ನಗು ನಿಲ್ಲಿಸಿ ನಿನ್ನ ಹೆಂಡತಿಯ ಭುಜ ಹಿಡಿದು, “ಇನ್ನೂ ಒಬ್ಬರಿಗೆ ಇದು ಸರಿಯಾಗೇ ಕಾಣುತ್ತೆ, ಗೊತ್ತಾ? ನಿನ್ನ ಗಂಡನಿಗೆ. ಅವರು ದಿನಾ ಶೇವ್ ಮಾಡ್ಕೊಳ್ಳೋ ಮುಖ ಇದೇ” ಎಂದಳು. ಸುಣ್ಣ ಬೇಕೋ ಬೇಡವೋ, ಸಂಜೆಯೊಳಗೆ ನೀನೇ ಹೇಳು ಎಂದು ಬಿಟ್ಟಳು.

ನಿನ್ನ ಹೆಂಡತಿ ಆ ಮಧ್ಯಾಹ್ನವೆಲ್ಲ ಎದುರಿನ ಕಟ್ಟೆಯ ಮೇಲೆ ಕೂತು ಗೋಡೆ ನೋಡಿದಳು. ನಾನೂ ಪಕ್ಕದಲ್ಲಿ ಕೂತೆ. ಹೆತ್ತವಳು ನಾನು, ನಿನ್ನ ಮುಖ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಆದರೆ ನಾನು ನೋಡಿದ್ದೆಲ್ಲ ನನ್ನ ಕಡೆಯಿಂದ. ನೀನು ಒಬ್ಬನೇ ಇರುವಾಗ, ಬೆಳಗ್ಗೆ ಎದ್ದು ಆ ಬಂದರಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಾಗ ನಿನಗೆ ಎದುರಾಗುವ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ. ಸ್ವಲ್ಪ ಸುಸ್ತಾದವನಂತೆ ಕಾಣುತ್ತೀ. ಸಂಜೆ ಅವಳು ಎದ್ದು, ಬೇಡ, ಹೀಗೇ ಇರಲಿ, ಅವರು ಬಂದು ನೋಡಲಿ ಎಂದಳು. ಎದ್ದ ರೀತಿಯೇ ಬೇರೆಯಾಗಿತ್ತು. ಮರುದಿನ ಜನವೋ ಜನ. ಪತ್ರಿಕೆಯವರು ಬಂದರು, ದೊಡ್ಡ ಮನುಷ್ಯರೊಬ್ಬರು ಯಾರಿಗೂ ಕೇಳದ ಭಾಷಣ ಮಾಡಿದರು. ನಮ್ಮ ಅಂಗಡಿಗೂ ಜನ ನುಗ್ಗಿ ಅದೂ ಪ್ರದರ್ಶನವೇ ಎಂಬಂತೆ ಕೈಕಟ್ಟಿ ನೋಡುತ್ತ ನಿಂತರು, ನಾನು ಅಳತೆ ಟೇಪು ಕೈಗೆತ್ತಿಕೊಂಡೆ, ಅರ್ಧ ಜನ ಖಾಲಿಯಾದರು. ನಿನ್ನ ಮುಖದ ಎದುರಿಗೆ ಮಾತ್ರ ಗುಂಪು ಕರಗಲೇ ಇಲ್ಲ. ಯಾರು ಬರೆದದ್ದು ಎಂದು ಕೇಳಿದವರಿಗೆಲ್ಲ ಕ್ಷೌರಿಕ ತಾನೇ ಬರೆದ ಹಾಗೆ ಎದೆಯುಬ್ಬಿಸಿ ಇವಳನ್ನು ತೋರಿಸುತ್ತಿದ್ದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಶನಿವಾರ ಸಂಜೆ ಜನ ಕರಗಿದ ಮೇಲೆ ಏಣಿ ಮೇಡಂ ನಮ್ಮ ಅಂಗಡಿಗೆ ಬಂದು ಕೂತಳು. ಮುಂದಿನ ತಿಂಗಳಿಂದ ಇನ್ನೊಂದು ಗೋಡೆ ಶುರುವಂತೆ, ಅದಾದ ಮೇಲೆ ಮತ್ತೊಂದು. ಎರಡು ವರ್ಷ ತನ್ನ ಜೊತೆ ಇದ್ದು ಕೆಲಸ ಕಲಿ, ಸಂಬಳವೂ ಉಂಟು, ಕಾರ್ಖಾನೆಯಲ್ಲಿ ನಿನಗೂ ಒಂದು ಮೂಲೆ ಕೊಡುತ್ತೇವೆ ಎಂದು ಇವಳನ್ನು ಕೇಳಿದಳು. ತಪ್ಪು ಮಾಡಿದವಳನ್ನೇ ಕರೆಯುತ್ತೀರಲ್ಲ ಎಂದು ನಾನು ತಮಾಷೆಗೆ ಕೇಳಿದೆ. “ಗೆರೆ ತಿರುಗಿದ್ದು ಕಾಗದದ ತಪ್ಪಮ್ಮಾ. ಆ ಕಣ್ಣುಗಳನ್ನು ಕಾಗದ ಬರೆದಿದ್ದಲ್ಲ” ಎಂದಳು. ನಿನ್ನ ಹೆಂಡತಿಯ ಮುಖದಲ್ಲಿ ಆಗ ಬಂದ ಬೆಳಕು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದಷ್ಟೇ ಬೇಗ ಅದನ್ನು ಅವಳೇ ಊದಿ ಆರಿಸಿದಳು. “ಇಲ್ಲ ಮೇಡಂ, ಅಲ್ಲಿ ಅವರು ಮನೆ ಮಾಡಿದಾರೆ. ನಾನು ಹೋಗ್ಬೇಕು” ಎಂದು ನಗುತ್ತಲೇ ಹೇಳಿದಳು. ಮೇಡಂ ಒತ್ತಾಯ ಮಾಡಲಿಲ್ಲ, ತಿಂಗಳ ಕೊನೆಯವರೆಗೂ ಜಾಗ ಖಾಲಿ ಇಟ್ಟಿರುತ್ತೇನೆ ಎಂದು ಎದ್ದುಹೋದಳು. ಇವಳು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಂದು ಉಗುರಿನ ಸಂದಿಯ ಬಣ್ಣ ತಿಕ್ಕತೊಡಗಿದಳು. ಚರ್ಮ ಕೆಂಪಾದರೂ ಬಿಡಲಿಲ್ಲ. ನಾನು ಕೈ ಹಿಡಿದು ನಿಲ್ಲಿಸಬೇಕಾಯಿತು.

ನಿನ್ನೆ ಬೆಳಗ್ಗೆ ನಿನ್ನಲ್ಲಿಗೆ ಒಯ್ಯಲೆಂದು ಚಿಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಬಟ್ಟೆ ಸುತ್ತುತ್ತಿದ್ದಳು. ಇದು ಆಸೆಯೋ, ಕರ್ತವ್ಯವೋ ಎಂದು ನೇರವಾಗಿ ಕೇಳಿದೆ. ಅವಳು ಏನೆಂದಳು ಗೊತ್ತೇ? “ಅವರೊಬ್ಬರೇ ಕೂತು ಉಣ್ತಾರೆ ಅತ್ತೆ. ಅದು ನೆನಪಾದ್ರೆ ಇಲ್ಲಿ ತುತ್ತು ಇಳಿಯಲ್ಲ.” ಸುತ್ತಿದ ಬಟ್ಟೆಗೆ ಗಂಟು ಹಾಕುತ್ತ, ನಾನು ಕೇಳದೆಯೇ, “ಅಲ್ಲಿಗೆ ಹೋದ್ರೆ ಗೋಡೆ ನೆನಪಾಗುತ್ತೆ, ಆಗಲೂ ಇಳಿಯಲ್ಲ. ಹೇಗಿದ್ರೂ ಉಪವಾಸಾನೇ” ಎಂದು ನಕ್ಕಳು. ಆದ್ದರಿಂದ ದಡ್ಡನ ಹಾಗೆ ಅವಳಿಗೆ ನಿನ್ನ ಮೇಲೆ ಪ್ರೀತಿ ಕಡಿಮೆ ಎಂದು ತಿಳಿಯಬೇಡ. ಪ್ರೀತಿ ಇರುವುದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ನಿನ್ನನ್ನೂ ನಾನು ಬೈಯುವುದಿಲ್ಲ. ಹೆಂಡತಿ ಜೊತೆಗಿರಲಿ ಎಂದು ಆಸೆಪಡುವುದು ತಪ್ಪೇ? ಆ ಎರಡು ಕೋಣೆಗಾಗಿ ನೀನು ಎಷ್ಟು ಅಲೆದೆ, ಯಾರ್ಯಾರ ಮುಂದೆ ನಿಂತೆ ಎಂಬುದೆಲ್ಲ ನನಗೆ ಗೊತ್ತು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ, ಅವಳು ಇಲ್ಲೇ ಉಳಿದರೆ ನನಗೂ ಒಳ್ಳೆಯದೇ. ಮುದುಕಿ ತನ್ನ ಅನುಕೂಲಕ್ಕೆ ಬರೆದಿದ್ದಾಳೆ ಎಂದು ನಿನಗೆ ಅನ್ನಿಸಬಾರದು, ಅದಕ್ಕೇ ಒಂದು ದಾರಿ ಯೋಚಿಸಿದ್ದೇನೆ. ಅಡುಗೆಯವರು ಬೇಕಿದ್ದರೆ ನಾನೇ ಬರುತ್ತೇನೆ. ಹಡಗು ಕಾಣುವ ಕಿಟಕಿಯ ಹತ್ತಿರ ನನ್ನ ಕುರ್ಚಿ ಹಾಕು, ನಿನ್ನ ಜೊತೆಯವರಿಗೆಲ್ಲ ದಿಂಬು ಹೊಲಿದುಕೊಡುತ್ತೇನೆ. ಅವಳು ರಜೆ ಸಿಕ್ಕಾಗ ನಮ್ಮಲ್ಲಿಗೆ ಬರಲಿ, ನಿನಗೆ ರಜೆ ಸಿಕ್ಕಾಗ ನಾವು ಇಲ್ಲಿಗೆ ಬರೋಣ. ಅಂಗಡಿಯನ್ನು ಅವಳು ಬೆಳಗಿನ ಹೊತ್ತು ನೋಡಿಕೊಳ್ಳಬಲ್ಲಳು, ಕೋಟು ಬಿಗಿಯಾದರೆ ಹಣೆ ಹೊಗಳಬಲ್ಲಳು. ಎರಡು ವರ್ಷ ಹೆಚ್ಚೇನಲ್ಲ ಎಂದು ನಾನು ಹೇಳುವುದಿಲ್ಲ, ನಿಮ್ಮ ವಯಸ್ಸಿನಲ್ಲಿ ಅದು ಹೆಚ್ಚೇ. ನಿನಗೆ ಕಷ್ಟವಾಗುತ್ತದೆ ಮಗನೇ. ಗೊತ್ತಿದ್ದೇ ಕೇಳುತ್ತಿದ್ದೇನೆ.

ಕ್ಷೌರಿಕ ನಿನ್ನನ್ನು ಕೇಳಿದ. ಅಲ್ಲಿ ಯಾರೋ ನಿನ್ನ ತಲೆ ಕೆಡಿಸಿದ್ದಾರಂತೆ, ಕಳೆದ ಸಲ ಬಂದಾಗ ಕಿವಿಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿತ್ತಂತೆ. ಏಣಿ ಮೇಡಂ ನಿನ್ನನ್ನು ಇನ್ನೂ ನೋಡೇ ಇಲ್ಲ, ಆದರೂ ನೆನಪು ಹೇಳಿ ಎಂದಳು. ಹೊಟ್ಟೆತುಂಬ ಉಣ್ಣು, ಹೊತ್ತಿಗೆ ಸರಿಯಾಗಿ ಮಲಗು, ಬಗ್ಗಿದಾಗೆಲ್ಲ ಬೆನ್ನನ್ನು ನೆನಪಿಟ್ಟುಕೋ. ನೀನು ಎತ್ತುವ ಭಾರವೆಲ್ಲ ಹಗುರವಾಗಿ ಇಳಿಯಲಿ, ನೂರು ಕಾಲ ನಗುನಗುತ್ತಾ ಬಾಳು.

ಇಂತಿ ನಿನ್ನನ್ನು ಎರಡೂ ಕಡೆಯಿಂದ ಪ್ರೀತಿಸುವ,
ಅಮ್ಮ

ತಾ.ಕ.: ಅವಳು ಮೆಟ್ಟಿಲು ಹತ್ತುತ್ತಿದ್ದಾಳೆ, ಬೇಗ ಬರೆದು ಲಕೋಟೆ ಅಂಟಿಸುತ್ತೇನೆ. ನಾನು ಬರೆದದ್ದು ಅವಳಿಗೆ ಗೊತ್ತಾಗಬಾರದು, ಗೊತ್ತಾದರೆ ನನ್ನ ಮಾತಿಗೆ ನೀನು ಬಿಟ್ಟುಕೊಟ್ಟೆ ಎಂದು ಕೊರಗುತ್ತಾಳೆ. ಸುದ್ದಿ ಯಾರು ಕೊಟ್ಟರು ಎಂದರೆ ಕ್ಷೌರಿಕನ ಹೆಸರು ಹೇಳು. ಬರುವ ಭಾನುವಾರ ನೀನು ಫೋನು ಮಾಡಿದಾಗ ಅವಳು ಬರ್ತೀನಿ ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ, ನೀನು ನಂಬುವ ಹಾಗೆಯೇ ಹೇಳುತ್ತಾಳೆ. ಅದನ್ನು ಹೇಳಲು ಬಿಡಬೇಡ. ಅವಳು ಬಾಯಿ ತೆರೆಯುವ ಮುಂಚೆ ನೀನೇ ಕೇಳು, ಮುಂದಿನ ಗೋಡೆ ಎಲ್ಲಿ ಅಂತ. ಅಷ್ಟು ಕೇಳಿ ಸುಮ್ಮನಿರು ಮಗನೇ, ಎಷ್ಟು ಹೊತ್ತಾದರೂ ಫೋನು ಇಡಬೇಡ.